ಕಂಬಕ್ಕೆ ಕೆಲಸ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹಳೆಯ ಮನೆಗೆ ಕೈಹಾಕುವುದೆಂದರೆ ಕೆಡವುವುದು ಎಂದೇ ಅರ್ಥವಾಗಿತ್ತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ದೊಡ್ಡ ನಿವೇಶನಗಳಲ್ಲಿ ಮಾವು, ತೆಂಗು, ಸಂಪಿಗೆಯ ನಡುವೆ ನಿಂತಿದ್ದ ಮನೆಗಳು ಅಣ್ಣತಮ್ಮಂದಿರಿಗೆ ಪಾಲಾಗುತ್ತಿದ್ದಂತೆ ನೆಲಕ್ಕೆ ಬೀಳುತ್ತಿದ್ದವು. ಅಂಥ ಕಾಲದಲ್ಲಿ ಬಸವನಗುಡಿಯ ದಂಪತಿಯೊಬ್ಬರು ನನ್ನನ್ನು ಕರೆಸಿ, ಮನೆ ಉಳಿಯಬೇಕು, ಆದರೆ ಅದರಲ್ಲಿ ನಾವು ಇವತ್ತಿನವರ ಹಾಗೆ ಬದುಕಬೇಕು ಅಂದರು. ಬಹಳ ವರ್ಷ ಹೊರದೇಶದಲ್ಲಿದ್ದು ಬಂದವರು. ಹಣಕ್ಕೆ ಕೊರತೆಯಿರಲಿಲ್ಲ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುವ ಸ್ನಾನದ ಮನೆ, ಮಲಗುವ ಕೋಣೆಗಳಿಗೆ ಎಸಿ, ಹತ್ತು ಜನ ಒಟ್ಟಿಗೆ ಕೂತು ಉಣ್ಣುವ ಮೇಜು, ಸಂಗೀತ ಕೇಳಲು ಒಂದು ಕೋಣೆ, ಇಷ್ಟೂ ಬೇಕು. ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದರು. ಮದುವೆಯಾಗಿ ಹೊಸ್ತಿಲು ದಾಟಿ ಬಂದ ದಿನದಿಂದ ಅದೇ ಮನೆಯಲ್ಲಿ ಬಾಳಿದವರು. ಅವರ ಬೇಡಿಕೆ ಒಂದೇ: ಯಾರೂ ಏನನ್ನೂ ಮುಟ್ಟಬಾರದು.

ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಯ ಹಿಂದೆ ಒಂದು ಪಿಡುಗಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು. ಉಳಿದವರಲ್ಲಿ ಅನುಕೂಲವಿದ್ದವರು ಅಗಲ ರಸ್ತೆ, ನೇರ ಚರಂಡಿ, ಗಾಳಿ ಬೆಳಕು ಇರುವ ಈ ಹೊಸ ಬಡಾವಣೆಗಳಿಗೆ ಬಂದರು. ಆದ್ದರಿಂದ ಇಲ್ಲಿನ ಹಳೆಯ ಮನೆಗಳಲ್ಲಿ ಅಲಂಕಾರಕ್ಕಿಂತ ಮೊದಲು ಗಾಳಿಯ ಲೆಕ್ಕ ಕಾಣುತ್ತದೆ. ಎದುರುಬದುರು ಕಿಟಕಿ, ಸೂರಿನ ಹತ್ತಿರ ಬಿಸಿಗಾಳಿ ಹೊರಹೋಗುವ ಗವಾಕ್ಷಿ, ಹನ್ನೆರಡು ಹದಿಮೂರು ಅಡಿ ಎತ್ತರದ ಕೋಣೆ. ಮುಂದಿನ ಜಗಲಿಯ ಮೇಲೆ ಚೂಪಾಗಿ ಚಾಚಿದ ಮರದ ಪಟ್ಟಿಗಳ ಮುಡಿ. ಅದಕ್ಕೆ ಬೆಂಗಳೂರಿಗರು ಮಂಕಿ ಟಾಪ್ ಅನ್ನುತ್ತಾರೆ. ಅದು ಚೆಲುವಿಗಾಗಿ ಇಟ್ಟದ್ದೇ, ಆದರೂ ಓರೆ ಮಳೆಯನ್ನು ತಡೆಯುತ್ತದೆ, ಮಧ್ಯಾಹ್ನದ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ನಾನು ಮುಂದೆ ಕಲಿಯಬೇಕಿದ್ದ ಪಾಠವೆಲ್ಲ ಆ ಮುಡಿಯಲ್ಲಿಯೇ ಇತ್ತು ಎಂದು ಈಗ ಅನ್ನಿಸುತ್ತದೆ.

ಕಾಲೇಜಿನಲ್ಲಿ ನನಗೆ ಕಲಿಸಿದ್ದು ನಕ್ಷೆ ಬರೆಯುವುದನ್ನು. ಮನೆಯನ್ನು ಓದುವುದನ್ನು ಕಲಿಸಿದವರು ಆ ಕೆಲಸಕ್ಕೆ ಬಂದ ಬಡಗಿ. ಆಚಾರ್ರು ಅಂತಲೇ ನಾವೆಲ್ಲ ಕರೆಯುತ್ತಿದ್ದೆವು. ಮೊದಲ ದಿನ ಅವರು ಉಳಿ ಬಾಚಿ ಮುಟ್ಟಲಿಲ್ಲ. ಏಣಿ ಹಾಕಿಸಿಕೊಂಡು ಒಂದೊಂದು ಜಂತೆಯ ಹತ್ತಿರವೂ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಅದು ಮದ್ರಾಸ್ ತಾರಸಿಯ ಮನೆ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಕೂರಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಕಿ, ಅಳಲೆಕಾಯಿ ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಕಬ್ಬಿಣದ ಸರಳು, ಸಿಮೆಂಟು ಯಾವುದೂ ಇಲ್ಲ. ಎಪ್ಪತ್ತು ವರ್ಷ ಕಳೆದರೂ ನಡುಭಾಗ ಗಟ್ಟಿಯಾಗಿತ್ತು. ಕೆಟ್ಟಿದ್ದದ್ದು ಗೋಡೆಯೊಳಗೆ ಹೊಕ್ಕ ಜಂತೆಯ ತುದಿಗಳು ಮಾತ್ರ. ಮಳೆನೀರು ಇಳಿದು ಅಲ್ಲಿ ಮರ ಪುಡಿಯಾಗಿತ್ತು.

ಆಚಾರ್ರು ಕೊಳೆತ ತುದಿಯನ್ನು ಓರೆಯಾಗಿ ಕೊಯ್ದು, ಅದೇ ಓರೆಗೆ ಸರಿಯಾಗಿ ಹೊಸ ತೇಗದ ತುಂಡನ್ನು ಕೂಡಿಸಿ, ಮರದ ಗೂಟ ಹೊಡೆದು, ಎರಡು ಕಡೆ ಕಬ್ಬಿಣದ ಪಟ್ಟಿ ಬಿಗಿದರು. ಹಳೆಯ ಮರ ಕಾಫಿ ಡಿಕಾಕ್ಷನ್ ಬಣ್ಣ, ಹೊಸದು ಹಳದಿ. ಎರಡೂ ಒಂದೇ ಬಣ್ಣ ಬರುವ ಹಾಗೆ ಪಾಲಿಶ್ ಮಾಡಿಬಿಡಿ, ಗೊತ್ತಾಗದ ಹಾಗೆ ಇರಲಿ ಎಂದು ಮನೆಯ ಯಜಮಾನರು ಕೇಳಿದರು.

"ಯಾಕೆ ಸಾರ್ ಮುಚ್ಚೋದು?" ಅಂದರು ಆಚಾರ್ರು. "ಇನ್ನು ಐವತ್ತು ವರ್ಷಕ್ಕೆ ಇನ್ನೊಬ್ಬ ಬಡಗಿ ಏಣಿ ಹತ್ತುತಾನೆ. ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ ಅವನಿಗೆ ಗೊತ್ತಾಗಬೇಕಲ್ಲ. ನಮ್ಮ ಕೆಲಸ ಚೆನ್ನಾಗಿದ್ರೆ ಕಾಣಲಿ ಬಿಡಿ."

1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ವಾಸ್ತುಶಿಲ್ಪಿಗಳು, ಸಂರಕ್ಷಣಾ ತಜ್ಞರು ಒಂದು ಸನ್ನದು ಬರೆದರು. ಹಳೆಯ ಕಟ್ಟಡದಲ್ಲಿ ಹೊಸದಾಗಿ ಸೇರಿಸಿದ ಭಾಗ ಇಡೀ ಕಟ್ಟಡದೊಂದಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವ ಹಾಗಿರಬೇಕು ಎಂಬುದು ಅದರ ತಿರುಳುಗಳಲ್ಲಿ ಒಂದು. ಪರೀಕ್ಷೆಗೆಂದು ನಾನು ಅದನ್ನು ಉರು ಹೊಡೆದಿದ್ದೆ. ಆಚಾರ್ರು ಆ ಸನ್ನದಿನ ಹೆಸರು ಕೇಳಿದವರಲ್ಲ. ಅವರಿಗೆ ಅದು ಕಸುಬಿನ ಮರ್ಯಾದೆಯಾಗಿತ್ತು. ಆ ಕೂಡುಗಳನ್ನು ನಾವು ಹಾಗೇ ಬಿಟ್ಟೆವು. ಹಜಾರದಲ್ಲಿ ಕೂತು ತಲೆಯೆತ್ತಿದವರಿಗೆ ಸಾಲಾಗಿ ಹಳದಿ ತುದಿಗಳು ಕಾಣುತ್ತಿದ್ದವು. ಇಡೀ ಮನೆಗೆ ಒಂದು ನಿಯಮ ಅಲ್ಲಿಂದ ಸಿಕ್ಕಿತು: ಹೊಸದು ಹಳೆಯದರ ವೇಷ ಹಾಕಬಾರದು.

ಹೇಳುವುದು ಸುಲಭ. ಎಸಿ ಕೊಳವೆಗಳನ್ನು ಎಲ್ಲಿ ಹಾಯಿಸುವುದು? ಎಲ್ಲರೂ ಮಾಡುತ್ತಿದ್ದದ್ದು ಜಿಪ್ಸಮ್ ಹಲಗೆಯ ಸುಳ್ಳು ಸೂರು ಕಟ್ಟಿ ಅದರೊಳಗೆ ಎಲ್ಲವನ್ನೂ ಅಡಗಿಸುವುದು. ಹಾಗೆ ಮಾಡಿದರೆ ಜಂತೆಗಳೂ ಮುಚ್ಚಿಹೋಗುತ್ತವೆ, ಕೋಣೆಯ ಎತ್ತರವೂ ಹೋಗುತ್ತದೆ. ಎತ್ತರ ಹೋದ ಮೇಲೆ ಆ ಮನೆಯಲ್ಲಿ ಸಿರಿವಂತಿಕೆ ಎಂದು ಕರೆಯುವಂಥದ್ದು ಏನೂ ಉಳಿಯುವುದಿಲ್ಲ. ಅಮೃತಶಿಲೆ ಇವತ್ತು ಯಾರಿಗೆ ಬೇಕಾದರೂ ಸಿಗುತ್ತದೆ. ತಲೆಯ ಮೇಲೆ ಏಳಡಿ ಖಾಲಿ ಗಾಳಿ ಸಿಗುವುದಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಹೀಗೆ. ಪ್ರತಿ ಮಲಗುವ ಕೋಣೆಯ ಒಂದು ಮೂಲೆಯಲ್ಲಿ, ಹಳೆಯ ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು, ಏಳೂವರೆ ಅಡಿ ಎತ್ತರದ ಹೊಸ ಪೆಟ್ಟಿಗೆಯಂಥ ಕೋಣೆ ನಿಲ್ಲಿಸಿದೆವು. ಒಳಗೆ ಸ್ನಾನದ ಮನೆ, ಹೊರಮೈಗೆ ಬಟ್ಟೆಯ ಕಪಾಟು. ಅದರ ತಲೆಯ ಮೇಲೆ ಎಸಿ ಯಂತ್ರ, ಬಿಸಿನೀರಿನ ಟ್ಯಾಂಕು, ಕೊಳವೆ ಎಲ್ಲ. ತಂಪು ಗಾಳಿ ಪಕ್ಕದಿಂದ ಬರುತ್ತದೆ. ಸೂರು ಇದ್ದ ಹಾಗೇ ಇದೆ. ಪೆಟ್ಟಿಗೆಗೆ ಕೆತ್ತನೆಯಿಲ್ಲ, ಹಿಡಿಯಿಲ್ಲ, ಬಿಳಿ ಬಣ್ಣದ ಸಪಾಟು ಮೈ. ನಾಳೆ ಬೇಡವೆನಿಸಿದರೆ ಹಳೆಯ ಗೋಡೆಗೆ ಗಾಯವಾಗದಂತೆ ಬಿಚ್ಚಿ ತೆಗೆಯಬಹುದು. ಸ್ನಾನದ ಹಬೆ ಜಂತೆಗಳಿಗೆ ತಾಗಬಾರದೆಂದು ಒಳಗೆ ಗಟ್ಟಿ ಫ್ಯಾನು ಹಾಕಿ, ಹಬೆಯನ್ನು ಹಳೆಯ ಗವಾಕ್ಷಿಯಿಂದ ಹೊರಕ್ಕೆ ಕಳಿಸಿದೆವು. ಎಪ್ಪತ್ತು ವರ್ಷದ ಹಿಂದೆ ಬಿಸಿಗಾಳಿಗೆಂದು ಬಿಟ್ಟ ಕಿಂಡಿ ತನ್ನ ಕೆಲಸವನ್ನೇ ಮುಂದುವರಿಸಿತು.

ಗೋಡೆಗಳ ಕಥೆ ಬೇರೆ. ಯಾವಾಗಲೋ ಯಾರೋ ಸುಣ್ಣದ ಗಾರೆ ಉದುರಿದ ಕಡೆಯೆಲ್ಲ ಸಿಮೆಂಟು ಮೆತ್ತಿ, ಮೇಲೆ ಹೊಳೆಯುವ ಪೇಂಟು ಬಳಿದಿದ್ದರು. ಸುಣ್ಣದ ಗೋಡೆ ನೆಲದ ತೇವ ಹೀರಿದರೂ ಮೈಯಿಂದ ಅದನ್ನು ಹೊರಗೆ ಬಿಟ್ಟುಕೊಂಡು ಒಣಗುತ್ತದೆ. ಅದಕ್ಕೆ ಸಿಮೆಂಟು ಹಾಕುವುದು ಬೆವರುವ ಮೈಗೆ ಮಳೆಯಂಗಿ ತೊಡಿಸಿದ ಹಾಗೆ. ತೇವ ಒಳಗೇ ನಿಂತು, ಉಪ್ಪು ಹೂವಾಗಿ ಎದ್ದು, ಪದರ ಪದರವಾಗಿ ಕಿತ್ತುಬರುತ್ತಿತ್ತು. ಎಲ್ಲವನ್ನೂ ಕೆರೆದು ತೆಗೆಸಿ, ಸುಣ್ಣ ನೆನೆಹಾಕಿ ಹದಕ್ಕೆ ಬರುವವರೆಗೆ ಕಾದು, ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿದೆವು. ವೈರುಗಳಿಗಾಗಿ ಆ ಗೋಡೆಗಳನ್ನು ಮತ್ತೆ ಕೊರೆಯಲು ನಾನು ಒಪ್ಪಲಿಲ್ಲ. ತಾಮ್ರದ ಕೊಳವೆಗಳನ್ನು ಗೋಡೆಯ ಮೇಲೇ ನೇರವಾಗಿ, ತೂಗುಗುಂಡು ಹಿಡಿದು ಓಡಿಸಿದೆವು. ಅವು ಈಗ ಕಂದಿ ಬಾಗಿಲುಗಳ ಹಿತ್ತಾಳೆಯ ಜೊತೆ ಹೊಂದಿಕೊಂಡಿವೆ.

ನೆಲದ ವಿಷಯ ಹೇಳಲೇಬೇಕು. ಕೆಂಪು ನೆಲ, ಅಂಚಿಗೆ ಕಪ್ಪು ಪಟ್ಟಿ. ರೆಡ್ ಆಕ್ಸೈಡ್ ನೆಲವನ್ನು ನಮ್ಮ ಕಡೆಯ ಯಾರಿಗೂ ವರ್ಣಿಸಬೇಕಾಗಿಲ್ಲ. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿ ಬೆಳೆದವರು ನಾವು. ಎರಡು ಕೋಣೆಗಳಲ್ಲಿ ನೆಲ ಹಾಳಾಗಿತ್ತು. ಅದನ್ನು ಮತ್ತೆ ಹಾಕಬಲ್ಲ ಮೇಸ್ತ್ರಿಯನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಕೆಳಗಿನ ಪದರ ಹಸಿಯಿರುವಾಗಲೇ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಸಮವಾಗಿ ಬೆರೆಸಿ ಬಣ್ಣದ ಪದರ ಎಳೆಯಬೇಕು. ಒಮ್ಮೆ ಶುರು ಮಾಡಿದ ಅಂಕಣವನ್ನು ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅಲ್ಲೊಂದು ಗೆರೆ ಬೀಳುತ್ತದೆ. ಆಮೇಲೆ ಕರಣೆಯಿಂದ ಉಜ್ಜುವುದು, ನೀರು ಕಟ್ಟಿ ನಿಲ್ಲಿಸುವುದು, ಒಣಗಿದ ಮೇಲೆ ಮತ್ತೆ ಉಜ್ಜುವುದು, ಕೊನೆಗೆ ಕೊಬ್ಬರಿ ಎಣ್ಣೆ. ಮೇಸ್ತ್ರಿಯ ಜೊತೆ ಬಂದ ಅವರ ಹೆಂಡತಿಯ ಕೈ ಉಜ್ಜುವುದರಲ್ಲಿ ಅವರಿಗಿಂತ ಪಳಗಿತ್ತು. ಮೊಣಕಾಲೂರಿ ಕೂತು ಅಂಗೈಯಗಲದ ಜಾಗವನ್ನು ಮುಖ ಕಾಣುವವರೆಗೆ ಉಜ್ಜುತ್ತಿದ್ದರು. ಹೊಸ ನೆಲದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ, ಬಣ್ಣ ಅಲ್ಲಲ್ಲಿ ಮೋಡಗಟ್ಟುತ್ತದೆ ಎಂದು ಮೊದಲೇ ಹೇಳಿದ್ದೆ. ಮನೆಯವರು ಒಪ್ಪಿದರು. ಆ ನೆಲದ ನಿಜವಾದ ಹೊಳಪು ಬರುವುದು ಜನ ಓಡಾಡಿ, ವರ್ಷಗಟ್ಟಲೆ ಒರೆಸಿ ಒರೆಸಿ.

ಹಣವಂತರ ಮನೆ ಮಾಡುವ ಕಸುಬಿನಲ್ಲಿ ನನಗೆ ನಾಚಿಕೆಯಿಲ್ಲ. ಎರಡು ಕೋಣೆಗೆ ನೆಲ ಹಾಕಲು ಇಷ್ಟು ದಿನ, ಇಷ್ಟು ಕೈ ಬೇಕು ಎಂದರೆ ತೆರಬಲ್ಲವರು ಅವರೇ. ಅವರು ಕೇಳದೆ ಹೋದರೆ ಆ ಕೆಲಸ ನಿಲ್ಲುತ್ತದೆ. ಮೇಸ್ತ್ರಿಯ ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಾರೆ. ಐಷಾರಾಮ ಎಂಬುದಕ್ಕೆ ನನ್ನ ಮಟ್ಟಿಗೆ ಇದೊಂದೇ ಸಮರ್ಥನೆ.

ಅಡುಗೆಮನೆಯಲ್ಲಿ ಅಮ್ಮನವರದೇ ರಾಜ್ಯ. ಕೂತು ಅಡುಗೆ ಮಾಡಿ ಬೆಳೆದ ಅವರು ನಿಂತು ಮಾಡುವುದಕ್ಕೆ ನಡುವಯಸ್ಸಿನಲ್ಲಿ ಒಗ್ಗಿಕೊಂಡಿದ್ದರು. ಅವರ ಕಟ್ಟೆಯ ಎತ್ತರ ಅವರ ಮೈಗೆ ಸರಿಯಾಗಿತ್ತು, ಎತ್ತರದ ಸೊಸೆಗೆ ಬೆನ್ನು ನೋವು. "ನೋಡಮ್ಮಾ, ನೀನು ಎಷ್ಟು ಬೇಕಾದ್ರೂ ಎತ್ತರ ಮಾಡು, ದೋಸೆಹಂಚು ನನ್ನ ಕಣ್ಣಿಗೆ ಮೇಲಿನಿಂದ ಕಾಣಬೇಕು" ಅಂದರು. ಎರಡು ಎತ್ತರದ ಕಟ್ಟೆ ಮಾಡಿದೆವು. ಕಡಪ ಕಲ್ಲಿನ ಹಳೆಯ ಕಟ್ಟೆ ಕಿಟಕಿಯ ಕೆಳಗೆ ಹಾಗೇ ಉಳಿಯಿತು. ಎದುರು ಗೋಡೆಗೆ ಸ್ಟೀಲಿನ ಹೊಸ ಕಟ್ಟೆ, ಓವನ್, ಚಿಮಣಿ. ಒರಳುಕಲ್ಲು ನೆಲದಲ್ಲಿ ಹೂತಿತ್ತು. ಅದನ್ನು ತೆಗೆಸಿ ತೋಟದಲ್ಲಿ ನೀರು ತುಂಬಿ ಹೂವು ತೇಲಿಬಿಡೋಣ ಎಂದು ಸೊಸೆಯ ಆಸೆ. ಆ ಕಾಲದ ಪತ್ರಿಕೆಗಳಲ್ಲಿ ಅಂಥ ಚಿತ್ರಗಳು ಬಹಳ ಬರುತ್ತಿದ್ದವು. ನಾನು ಬೇಡವೆಂದೆ. ಕಲ್ಲು ಇದ್ದಲ್ಲೇ ಉಳಿಯಿತು. ಹಬ್ಬಕ್ಕೆ ಅಡುಗೆಯವರು ಬಂದಾಗ ಚಟ್ನಿ ಅದರಲ್ಲೇ ರುಬ್ಬುತ್ತಾರೆ.

ಹಳೆಯ ವಸ್ತುವಿಗೆ ಹೊಸ ಮನೆಯಲ್ಲಿ ಕೆಲಸ ಕೊಡಬೇಕು, ಬರೀ ಜಾಗ ಕೊಟ್ಟರೆ ಸಾಲದು ಎಂಬ ನನ್ನ ಹಟ ಗಟ್ಟಿಯಾದದ್ದು ಆ ಕಲ್ಲಿನ ಚರ್ಚೆಯಲ್ಲಿ. ಅದಕ್ಕೆ ನಿಜವಾದ ಪರೀಕ್ಷೆ ಬಂದದ್ದು ಮುಂದೆ, ದೇವನಹಳ್ಳಿ ರಸ್ತೆಯ ಕಡೆ ದೊಡ್ಡ ದೊಡ್ಡ ವಿಲ್ಲಾಗಳು ಏಳತೊಡಗಿದ ಮೇಲೆ. ಅಲ್ಲಿ ಹಳೆಯ ಮನೆಯೇ ಇಲ್ಲ. ಖಾಲಿ ನೆಲ, ಹೊಸ ಕಾಂಕ್ರೀಟು. ಆದರೂ ಒಡೆಯರಿಗೆ ಪಡಸಾಲೆ ಬೇಕು, ತೊಟ್ಟಿ ಬೇಕು, ಕಂಬ ಬೇಕು. ಹಾಗಾಗಿ ಹಳೆಯ ಕಂಬ ಹುಡುಕಿಕೊಂಡು ನಾವು ತಮಿಳುನಾಡಿನ ಕಾರೈಕುಡಿಯ ದಾರಿ ಹಿಡಿದೆವು.

ಚೆಟ್ಟಿನಾಡಿನ ಊರುಗಳಲ್ಲಿ ಬರ್ಮಾ ವ್ಯಾಪಾರದ ದುಡ್ಡಿನಿಂದ ಕಟ್ಟಿದ ಮನೆಗಳಿವೆ. ಒಂದು ಬೀದಿಯಿಂದ ಹಿಂದಿನ ಬೀದಿಯವರೆಗೆ ಚಾಚಿದವು, ಬರ್ಮಾ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ ತುಂಬಿದವು. ಎರಡನೆಯ ಮಹಾಯುದ್ಧದೊಂದಿಗೆ ಆ ವ್ಯಾಪಾರ ಮುರಿಯಿತು. ಮನೆಗಳು ಹತ್ತಾರು ಪಾಲುದಾರರ ಕೈಗೆ ಹೋಗಿ, ನೋಡಿಕೊಳ್ಳುವವರಿಲ್ಲದೆ ಒಂದೊಂದೇ ಬಿಚ್ಚಿಹೋದವು. ಬಿಚ್ಚಿದ್ದೆಲ್ಲ ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳಿಗೆ ಬರುತ್ತದೆ. ಬಾಗಿಲವಾಡ, ಬೋದಿಗೆ, ತೂಗುಮಂಚದ ಸರಪಳಿ, ಎನಾಮಲ್ ಡಬ್ಬಿ, ದೇವರ ಪಟ, ಯಾರದೋ ಅಜ್ಜನ ಭಾವಚಿತ್ರ. ಭಾವಚಿತ್ರಗಳನ್ನು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಯಾರದೋ ಮನೆಯ ಹಿರಿಯರನ್ನು ಇನ್ಯಾರದೋ ಊಟದ ಕೋಣೆಯಲ್ಲಿ ತೂಗುಹಾಕುವುದು ನನ್ನ ಮನಸ್ಸಿಗೆ ಸೇರದ ಮಾತು. ಕಂಬಗಳನ್ನು ಕೊಂಡೆ.

ಹತ್ತಿರದ ಆತ್ತಂಗುಡಿಯಲ್ಲಿ ನೆಲದ ಹಂಚು ಮಾಡುವುದನ್ನು ನೋಡಿದ್ದು ಆ ಸಲವೇ. ಗಾಜಿನ ತುಂಡಿನ ಮೇಲೆ ತಗಡಿನ ಅಚ್ಚಿಟ್ಟು, ಅಚ್ಚಿನ ಮನೆಗಳಲ್ಲಿ ಸಿಮೆಂಟು ಬೆರೆತ ಬಣ್ಣ ಹೊಯ್ದು, ಅಚ್ಚು ಎತ್ತಿ, ಮೇಲೆ ಮರಳು ಸಿಮೆಂಟು ತುಂಬಿ ಒತ್ತುತ್ತಾರೆ. ನೀರಿನಲ್ಲಿ ನೆನೆದು ಗಟ್ಟಿಯಾದ ಮೇಲೆ ಹಂಚು ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಸುಡುವ ಮಾತೇ ಇಲ್ಲ. ಆ ನುಣುಪು ಗಾಜಿನ ಕೊಡುಗೆ. ಬಣ್ಣ ಹೊಯ್ಯುವವನ ಕೈ ಒಂದಿಷ್ಟು ನಡುಗಿದರೂ ಹೂವಿನ ಎಸಳು ಬೇರೆಯಾಗುತ್ತದೆ, ಹಾಗಾಗಿ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಅಂಥ ಹಂಚನ್ನು ಇಡೀ ಮನೆಗೆ ಹಾಕಿದರೆ ಕಣ್ಣು ದಣಿಯುತ್ತದೆ. ನಾನು ಅದನ್ನು ತೊಟ್ಟಿಯ ಸುತ್ತ ಒಂದು ಪಟ್ಟಿಯಾಗಿ ಮಾತ್ರ ಹಾಕಿ, ಉಳಿದ ನೆಲವನ್ನು ಸಾದರಹಳ್ಳಿಯ ಬೂದು ಕಲ್ಲಿಗೆ ಬಿಡುತ್ತೇನೆ.

ಕಂಬಗಳಿಗೆ ಬರೋಣ. ಹಳೆಯ ಕಂಬ ಎಂಟೊಂಬತ್ತು ಅಡಿ, ಹೊಸ ಮನೆಯ ಸ್ಲ್ಯಾಬು ಹನ್ನೊಂದು ಅಡಿ. ಬಹಳ ಮನೆಗಳಲ್ಲಿ ಏನು ಮಾಡುತ್ತಾರೆಂದರೆ ಕಂಬದ ತಲೆಯ ಮೇಲೆ ಸಿಮೆಂಟಿನ ತುಂಡೊಂದನ್ನು ಕೂರಿಸಿ ಸೂರಿಗೆ ಮುಟ್ಟಿಸಿ ಬಣ್ಣ ಬಳಿಯುತ್ತಾರೆ. ಭಾರ ಹೊರುವುದು ಪಕ್ಕದ ಗೋಡೆಯೊಳಗಿನ ಕಾಂಕ್ರೀಟು. ಶತಮಾನದುದ್ದ ಒಂದು ಮನೆಯ ಸೂರು ಹೊತ್ತ ಮರ ಅಲ್ಲಿ ಸುಮ್ಮನೆ ನಿಂತಿರುತ್ತದೆ. ಒಳಗೆ ಬಂದವರಿಗೆ ಕಾರಣ ತಿಳಿಯದಿದ್ದರೂ ಅದು ಸುಳ್ಳೆಂದು ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆ. ಹೊರೆ ಇರುವ ಕಂಬದ ಬುಡದಲ್ಲಿ ಒಂದು ಬಿಗಿ ಇರುತ್ತದೆ, ಕಣ್ಣಿಗೆ ಅದು ಕಾಣುತ್ತದೆ.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಕೊಲಂಬೊ ಮನೆಯನ್ನು ನೋಡುವವರೆಗೂ ಇದನ್ನು ನಾನು ಇಷ್ಟು ಸ್ಪಷ್ಟವಾಗಿ ಹೇಳಬಲ್ಲವಳಾಗಿರಲಿಲ್ಲ. ಕೊಲಂಬೊದ 33ನೇ ಲೇನಿನಲ್ಲಿ ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳನ್ನು ಅವರು ಒಂದೊಂದಾಗಿ ಪಡೆದು ಒಂದು ಮನೆಯಾಗಿ ಹೆಣೆದರು. ಬಾಗಿಲು ತೆರೆದರೆ ಉದ್ದ ಬಿಳಿ ಓಣಿ. ಗೋಡೆ ಬಿಳಿ, ನೆಲವೂ ಬಿಳಿ. ಆ ಓಣಿಯ ಕೊನೆಯಲ್ಲಿ ಬಾನಿಗೆ ತೆರೆದ ಪುಟ್ಟ ತೊಟ್ಟಿ, ನೀರು, ಚೆಟ್ಟಿನಾಡಿನ ಕಂಬಗಳು. ನಮ್ಮಲ್ಲಿ ಒಂದು ಕೋಣೆಯಲ್ಲಿ ತುಂಬುವಷ್ಟನ್ನು ಅವರು ಇಡೀ ಓಣಿಗೆ ಹಂಚಿ, ನಡುವೆ ಬರೀ ಬೆಳಕು ಇಟ್ಟಿದ್ದರು. ಕೆತ್ತನೆಯ ಹತ್ತಿರ ಇನ್ನೊಂದು ಕೆತ್ತನೆಯಿಲ್ಲ. ಹಳೆಯದು ಹಳೆಯದಾಗಿ ಕಾಣಲು ಸುತ್ತ ಏನೂ ಇಲ್ಲದ ಜಾಗ ಬೇಕು. ಆ ಜಾಗವನ್ನು ಕೊಡುವುದೇ ಆಧುನಿಕ ವಿನ್ಯಾಸದ ಪಾಲು. ನಾನು ಅಲ್ಲಿಂದ ಹೊತ್ತು ತಂದ ತಿಳಿವಳಿಕೆ ಇಷ್ಟು.

ಊರಿಗೆ ಬಂದು ವಿಲ್ಲಾದ ನಕ್ಷೆ ಬದಲಿಸಿದೆ. ತೊಟ್ಟಿಯ ಸುತ್ತಲಿನ ಪಡಸಾಲೆಗೆ ಕಾಂಕ್ರೀಟು ಸೂರೇ ಬೇಡ, ಅಲ್ಲಿ ಮರದ ತೊಲೆ, ಮಂಗಳೂರು ಹೆಂಚು. ಆ ಸೂರು ಒಂಬತ್ತಡಿಗೆ ಇಳಿಯುತ್ತದೆ, ಅದನ್ನು ಕಂಬಗಳೇ ಹೊರುತ್ತವೆ. ಎತ್ತರದ ಹಜಾರದಿಂದ ತಗ್ಗಿದ ಪಡಸಾಲೆಗೆ ಬಂದಾಗ ಮೈ ತಾನಾಗಿ ನಿಧಾನವಾಗುತ್ತದೆ, ಕೂರಬೇಕೆನ್ನಿಸುತ್ತದೆ. ಕಂಬದ ಬುಡಕ್ಕೆ ಕಲ್ಲಿನ ಪೀಠ, ಪೀಠಕ್ಕೂ ಮರಕ್ಕೂ ನಡುವೆ ಸೀಸದ ತೆಳು ತಗಡು, ಕೆಳಗಿನ ತೇವ ಮರಕ್ಕೆ ಏರದಂತೆ. ರಚನೆಯ ಇಂಜಿನಿಯರು ಮೊದಲು ಆಗದೆಂದು ತಲೆಯಾಡಿಸಿದರು. ಆಚಾರ್ರ ಮಗ ಆ ಹೊತ್ತಿಗೆ ಕೆಲಸ ವಹಿಸಿಕೊಂಡಿದ್ದ. "ಇವಕ್ಕೆ ಹೊರೋದನ್ನ ಹೊಸದಾಗಿ ಕಲಿಸಬೇಕಾ ಸಾರ್?" ಅಂದ. ಲೆಕ್ಕ ಹಾಕಿದರೆ ತೇಗ ಬೇಕಾದ್ದಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿತ್ತು.

ಇಷ್ಟಾದರೂ ಒಂದು ಮುಳ್ಳು ಉಳಿದೇ ಇದೆ. ನಾವು ಕೊಳ್ಳುವುದರಿಂದಲೇ ಚೆಟ್ಟಿನಾಡಿನಲ್ಲಿ ಮನೆಗಳು ಬಿಚ್ಚಿಹೋಗುತ್ತಿಲ್ಲವೇ? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ 'ಹಸ್ತಶಿಲ್ಪ' ಮನೆಯನ್ನೂ, ಆಮೇಲೆ ಅವರು ಎಬ್ಬಿಸಿದ ಪಾರಂಪರಿಕ ಗ್ರಾಮವನ್ನೂ ನೋಡಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೆಡವಲು ಹೊರಟ ಮನೆಗಳ ಭಾಗಗಳನ್ನು ಹುಡುಕಿ ತಂದು ಅವರು ತಮ್ಮ ವಾಸದ ಮನೆಯನ್ನೇ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿ ಮನೆ, ಮಿಯಾರು ಮನೆ, ಕುಕನೂರಿನ ಕಮಲ ಮಹಲು ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿ ಕಂಬ ತೊಲೆಗಳು ತಮ್ಮ ತಮ್ಮ ಜಾಗದಲ್ಲೇ ಇವೆ, ಹೊರುವುದನ್ನೇ ಹೊರುತ್ತಿವೆ. ನನ್ನ ಕೈಯಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಒಂದು ಕಟ್ಟುಪಾಡು ಹಾಕಿಕೊಂಡೆ. ಮನೆ ಬಿದ್ದಾಗಿದೆ, ಸಾಮಾನು ಅಂಗಡಿಗೆ ಬಂದಾಗಿದೆ ಎಂದರೆ ಕೊಳ್ಳುತ್ತೇನೆ. ನಿಂತ ಮನೆಯ ಫೋಟೋ ತೋರಿಸಿ, ಯಾವ ಬಾಗಿಲು ಬೇಕು ಹೇಳಿ, ಕಿತ್ತು ಕೊಡುತ್ತೇವೆ ಅಂದವರಿಂದ ಕೊಳ್ಳುವುದಿಲ್ಲ. ಬೀಟೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ಕಾಗದಪತ್ರ ಇಲ್ಲದ ಬೀಟೆಯನ್ನು ಮುಟ್ಟುವುದಿಲ್ಲ.

ಹಳೆ ಹೊಸದು ಸೇರಿಸುವುದು ನಮ್ಮ ಕಾಲದ ಫ್ಯಾಷನ್ ಎಂದುಕೊಂಡವರನ್ನು ನಾನು ಮೈಸೂರು ಅರಮನೆಗೆ ಕರೆದೊಯ್ಯುತ್ತೇನೆ. ಮರದ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಬಲಿಯಾಯಿತು. ಹೊಸದಕ್ಕೆ ಹೆನ್ರಿ ಇರ್ವಿನ್ ನಕ್ಷೆ ಮಾಡಿದರು, 1912ಕ್ಕೆ ಕೆಲಸ ಮುಗಿಯಿತು. ಬೆಂಕಿಯ ಭಯ ಕಣ್ಣ ಮುಂದಿದ್ದುದರಿಂದ ಕಲ್ಯಾಣ ಮಂಟಪದ ಕಂಬಗಳು ಮರದವಲ್ಲ, ಎರಕದ ಕಬ್ಬಿಣ. ಗ್ಲಾಸ್ಗೋದ ಕಾರ್ಖಾನೆಯಲ್ಲಿ ಎರಕಗೊಂಡು ಹಡಗಿನಲ್ಲಿ ಬಂದವು. ಅಂದಿನ ಲೆಕ್ಕಕ್ಕೆ ಅದು ಅತಿ ಹೊಸ ತಂತ್ರ. ಅವುಗಳ ನಡುವೆ ನಿಂತು ಮೇಲೆ ನೋಡಿದರೆ ನವಿಲುಗಳ ಬಣ್ಣದ ಗಾಜು, ಸುತ್ತ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು, ಬೇರೆ ಕಡೆ ಮೈಸೂರಿನ ಕುಶಲಕರ್ಮಿಗಳು ದಂತ ಹುದುಗಿಸಿದ ಬೀಟೆಯ ಬಾಗಿಲುಗಳು. ಕಬ್ಬಿಣದ ಕಂಬ ತನ್ನ ಹೊರೆ ಹೊರುತ್ತದೆ, ತೆಳುವಾಗಿದ್ದೇ ಗಟ್ಟಿಯಾಗಿದೆ. ಮರದ ಕಂಬವನ್ನು ಅಷ್ಟು ತೆಳುವಾಗಿ ಕಡೆದು ಅಷ್ಟು ಎತ್ತರ ನಿಲ್ಲಿಸಲಾಗದು. ಅಲ್ಲಿ ಎಲ್ಲಿಂದಲೋ ಬಂದದ್ದೆಲ್ಲವೂ ಸೇರಿದ್ದು ಕೆಲಸದ ಕಾರಣಕ್ಕೆ.

ಈಗ ಮೂವತ್ತನೆಯ ಮಹಡಿಯ ಫ್ಲ್ಯಾಟುಗಳಿಗೂ ಕರೆ ಬರುತ್ತದೆ. ಫ್ರೆಂಚ್ ಅರಮನೆಯ ಹಾಗೆ ಮಾಡಿಕೊಡಿ ಎಂದು ಕೇಳುತ್ತಾರೆ. ಹತ್ತಡಿಗೂ ಕಡಿಮೆ ಸೂರು, ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಳ್ಳಿ, ಚಿನ್ನದ ಬಣ್ಣ, ತಲೆಗೆ ತಾಗುವ ತೂಗುದೀಪ. ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ಬೆಳಕಿನ, ಮೆರುಗಿನ ಆಸೆ ಅದು. ಕೂತು ಮಾತಾಡಿಸುತ್ತೇನೆ. ನಿಮ್ಮ ಅಜ್ಜನ ಮನೆಯಿಂದ ಏನಾದರೂ ಬಂದಿದೆಯೇ ಎಂದು ಕೇಳುತ್ತೇನೆ. ಬಹಳ ಸಲ ಏನೋ ಒಂದು ಹೊರಬರುತ್ತದೆ: ಉಗ್ರಾಣದಲ್ಲಿ ಬಿದ್ದ ಬೀಟೆಯ ಆರಾಮಕುರ್ಚಿ, ಧಾರವಾಡದ ಕಡೆಯ ವಾಡೆಯೊಂದರ ಹಳೆಯ ಪೆಟ್ಟಿಗೆ, ಇಳಕಲ್ ಸೀರೆಗಳ ಗಂಟು. ಕುರ್ಚಿಗೆ ಹೊಸ ಬೆತ್ತ ಹೆಣೆಸಿ, ಅರಗಿನ ಪಾಲಿಶ್ ಕೈಯಿಂದ ಹಾಕಿಸಿ, ಗಾಜಿನ ದೊಡ್ಡ ಕಿಟಕಿಯ ಮುಂದೆ ಅದೊಂದನ್ನೇ ಇಟ್ಟರೆ ಮನೆಗೆ ಒಂದು ಮೂಲ ಸಿಗುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಬೇಡ ಎನ್ನಲು ಕಾರಣವಿದೆ. ಅರಗು ಗೀರಿದರೆ ಆ ಜಾಗಕ್ಕೆ ಮಾತ್ರ ಸ್ಪಿರಿಟ್ಟು ಬಟ್ಟೆ ಒತ್ತಿ ಸರಿಮಾಡಬಹುದು, ಪಿಯು ಪದರ ಹಾಳಾದರೆ ಉಜ್ಜಿ ತೆಗೆಯದೆ ಬೇರೆ ದಾರಿ ಕಡಿಮೆ. ದೀಪಗಳ ವಿಷಯದಲ್ಲೂ ನಾನು ಬಗ್ಗುವುದಿಲ್ಲ. 2700 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ತೇಗ, ಹಿತ್ತಾಳೆ, ಕೆಂಪು ನೆಲ ಬದುಕಿರುತ್ತವೆ. ಬಿಳಿ ನೀಲಿ ಬೆಳಕು ಹಾಕಿದಿರೋ, ಲಕ್ಷಗಟ್ಟಲೆಯ ಮರವೂ ಮಂಕಾಗುತ್ತದೆ.

ಈಚೆಗೆ ಇನ್ನೊಂದು ಬಗೆಯ ಮನೆ ನನ್ನ ಮುಂದೆ ಬರತೊಡಗಿದೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಅರವತ್ತು ಎಪ್ಪತ್ತರ ದಶಕದಲ್ಲಿ ಎದ್ದ ಮನೆಗಳು. ಮೊಸಾಯಿಕ್ ನೆಲ, ವೃತ್ತ ವೃತ್ತದ ಕಬ್ಬಿಣದ ಗ್ರಿಲ್ಲು, ತೆಳು ಕಾಂಕ್ರೀಟಿನ ಬಾಗಿದ ಚಪ್ಪರ, ಗೋಡೆಯಿಂದ ಚಾಚಿದ ಆಸರೆಯಿಲ್ಲದ ಮೆಟ್ಟಿಲು. ನಾನು ಹುಡುಗಿಯಾಗಿದ್ದಾಗ ಇವೇ ಹೊಸ ಕಾಲದ ಮನೆಗಳು. ಕೆಂಪು ನೆಲ ಹಳ್ಳಿಯದು, ಮೊಸಾಯಿಕ್ ಅಂದರೆ ಬೆಂಗಳೂರು ಎಂದು ನಮ್ಮ ನೆಂಟರು ಹೇಳುತ್ತಿದ್ದರು. ಈಗ ಮಕ್ಕಳು ಅದನ್ನು ಹಳೇ ಸರ್ಕಾರಿ ಆಫೀಸಿನ ನೆಲ ಅನ್ನುತ್ತಾರೆ, ಅಗೆಸಿ ಇಟಾಲಿಯನ್ ಮಾರ್ಬಲ್ ಹಾಕಿಸಿ ಅನ್ನುತ್ತಾರೆ. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಯಂತ್ರದ ಕಲ್ಲಿನಿಂದ ಒರಟಿನಿಂದ ನಯಕ್ಕೆ ಹಂತ ಹಂತವಾಗಿ ಉಜ್ಜಿದ ನೆಲ ಅದು. ಐವತ್ತು ವರ್ಷದ ಕೊಳೆಯ ಕೆಳಗೆ ಹಾಗೇ ಇದೆ. ಈಗ ಕೈಯಲ್ಲಿರುವ ಮನೆಯಲ್ಲಿ ಒಂದು ಚದರಡಿ ಜಾಗವನ್ನು ಉಜ್ಜಿಸಿ ತೋರಿಸಿದೆ. ಹಸಿರು ನೆಲ, ನಡುವೆ ಹಾಲುಬಿಳಿ ಮತ್ತು ಕಪ್ಪು ಚೂರು, ತೆಳು ಗಾಜಿನ ಪಟ್ಟಿಯ ಗೆರೆ. ಮನೆಯ ಮಗಳು ಚಪ್ಪಲಿ ಬಿಟ್ಟು ಬಂದು ಆ ಚೌಕದ ಮೇಲೆ ನಿಂತು ನೋಡಿದಳು. ಉಳಿದ ನೆಲಕ್ಕೂ ಒಪ್ಪಿಗೆ ಕೊಟ್ಟಿದ್ದಾಳೆ, ಅಡುಗೆಮನೆ ಒಂದು ಬಿಟ್ಟು. ಅದರ ಬಗ್ಗೆ ಅವಳಮ್ಮನ ಜೊತೆ ಮಾತುಕತೆ ಇನ್ನೂ ನಡೆಯುತ್ತಿದೆ. ಪಾಲಿಶ್ ಯಂತ್ರದವರು ಸೋಮವಾರ ಬರುತ್ತಾರೆ, ಅಷ್ಟರೊಳಗೆ ಅವರನ್ನು ಒಪ್ಪಿಸಬೇಕು.